ಬಾತಿನ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ

ಹಕ್ಕಿಗಳ ಕಾಯಿಲೆಯ ಮೇಲೆ ಕೆಲಸ ಮಾಡುವವರು ಮನೆಯಲ್ಲಿ ಹಕ್ಕಿ ಸಾಕಬಾರದು. ಇದು ನಮ್ಮ ಸಂಶೋಧನಾ ಕೇಂದ್ರದ ಮೊದಲನೆಯ ನಿಯಮ. ಕೋಳಿ ಕೂಡದು, ಗಿಳಿ ಕೂಡದು, ಕಿಟಕಿಯ ಮೇಲೆ ಪಾರಿವಾಳ ಬಂದು ಕೂತರೂ ಹುಶ್ ಎಂದು ಓಡಿಸಬೇಕು. ಎರಡನೆಯ ನಿಯಮ, ಹಕ್ಕಿಗಳ ಕೋಣೆಗೆ ಹೋಗುವ ಮುಂಚೆ ತಲೆಗೆ ಸ್ನಾನ ಮಾಡಿ, ಮನೆಯ ಬಟ್ಟೆಯನ್ನೆಲ್ಲ ಆಚೆಗೇ ಬಿಟ್ಟು, ಒಳಗಿನ ಬಟ್ಟೆ ಹಾಕಿಕೊಳ್ಳಬೇಕು. ಉಂಗುರ, ಗಡಿಯಾರ, ಫೋನು ಯಾವುದೂ ಒಳಗೆ ಬರುವಂತಿಲ್ಲ. ಕನ್ನಡಕಕ್ಕೆ ಮಾತ್ರ ವಿನಾಯಿತಿ. ಅದನ್ನೂ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಈ ನಿಯಮಗಳನ್ನು ಬರೆದವರು ಬೇರೆ ಯಾರೋ, ಕಾಯುತ್ತಿದ್ದವಳು ನಾನು. ಯಾರಾದರೂ ಸ್ನಾನದ ಕೋಣೆಯಿಂದ ಬೇಗ ಹೊರಗೆ ಬಂದರೆ ತಲೆ ಮುಟ್ಟಿ ನೋಡುತ್ತಿದ್ದೆ. ಕೂದಲು ಒಣಗಿದ್ದರೆ ಅವತ್ತು ಅವರ ಗ್ರಹಚಾರ ಬಿಡಿಸದೆ ಬಿಡುತ್ತಿರಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಕೋಪ ಬರುತ್ತದೆ.

ನಾವು ನೋಡುತ್ತಿದ್ದದ್ದು ಕೋಳಿ ಸಾಕುವವರೆಲ್ಲ ಹೆದರುವ ಕೊಕ್ಕರೆ ರೋಗವನ್ನು. ಒಂದೇ ವೈರಸ್ಸು ಒಳಗೆ ಹೊಕ್ಕರೆ ಒಂದೊಂದು ಜಾತಿಯ ಹಕ್ಕಿ ಒಂದೊಂದು ಥರ ಆಡುತ್ತದೆ. ಕೋಳಿಗೆ ಬಂದರೆ ರಂಪವೋ ರಂಪ. ಬಾಯಿ ಕಳೆದು ಏದುಸಿರು ಬಿಡುತ್ತದೆ, ಕತ್ತು ತಿರುಚಿಕೊಳ್ಳುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ನೋಡನೋಡುತ್ತಿದ್ದ ಹಾಗೆ ಕಾಲು ಚಾಚಿಬಿಡುತ್ತದೆ. ಟರ್ಕಿ ಕೋಳಿ ಅಷ್ಟಿಲ್ಲ. ಸೀನುತ್ತದೆ, ಮುಖ ಊದಿಸಿಕೊಂಡು ಮೂಲೆ ಸೇರುತ್ತದೆ, ಎಷ್ಟೋ ಸಲ ತಾನಾಗಿಯೇ ಸುಧಾರಿಸಿಕೊಳ್ಳುತ್ತದೆ. ಬಾತು, ಹೆಬ್ಬಾತುಗಳ ಕಥೆಯೇ ಬೇರೆ. ಅದೇ ವೈರಸ್ಸು ಹೊಟ್ಟೆಯಲ್ಲಿ ಸಂಸಾರ ಹೂಡಿದ್ದರೂ ಬಾತು ಎಂದಿನಂತೆ ತಿನ್ನುತ್ತದೆ, ಈಜುತ್ತದೆ, ಬಾಲ ಅಲ್ಲಾಡಿಸುತ್ತದೆ. ಸುತ್ತ ಇರುವವರಿಗೆ ಧಾರಾಳವಾಗಿ ಹಂಚುತ್ತದೆ ಬೇರೆ. ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುತ್ತಿದ್ದ ಮೊದಲ ಪಾಠವೇ ಇದು: "ಬಾತಿನ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ. ರಕ್ತ ತೆಗೆದು ನೋಡ್ಬೇಕು."

ನಮ್ಮ ಮನೆಯಲ್ಲೂ ಇದೇ ಲೆಕ್ಕ. ನಾನು ಕೋಳಿ. ಒಂದು ಲೋಟ ಕೆಳಗೆ ಬಿದ್ದರೆ ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಾಡುವವಳು. ನಮ್ಮವರು ಟರ್ಕಿ, ಎರಡು ದಿನ ಮುಖ ಊದಿಸಿಕೊಂಡು ಆಮೇಲೆ ಸರಿಹೋಗುವವರು. ನಮ್ಮತ್ತೆ ಅಪ್ಪಟ ಬಾತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡು ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಾರೆ. ಸಂತೋಷವಾದರೂ ಅದೇ ಮುಖ, ಸಂಕಟವಾದರೂ ಅದೇ ಮುಖ. ನಮ್ಮ ಮದುವೆಯ ಫೋಟೋದಲ್ಲಿ ಅವರನ್ನು ನೋಡಿದವರು ಯಾರ ಮದುವೆಗೋ ಸುಮ್ಮನೆ ಬಂದವರು ಅಂದುಕೊಳ್ಳಬೇಕು. ಬೆಳಗ್ಗೆ ನಾನು ಎದ್ದಾಗಿನಿಂದ ಮಿಷನ್ನಿನ ಕಟಕಟ ಶುರು. ಆ ಸದ್ದಿಲ್ಲದೆ ನನಗೆ ಕಾಫಿಯೇ ಇಳಿಯುವುದಿಲ್ಲ.

ನಾನು ಕನ್ನಡಕ ಎಲ್ಲೆಂದರಲ್ಲಿ ಮರೆಯುತ್ತೇನೆಂದು ಅತ್ತೆ ಅದಕ್ಕೆ ದಾರ ಹೆಣೆದುಕೊಟ್ಟಿದ್ದರು. ನೀಲಿ ದಾರ, ನಡುನಡುವೆ ಕೆಂಪು ಮಣಿ. ಒಂದಲ್ಲ, ಎರಡು. ಒಂದು ಕೊಳೆಯಾದರೆ ಇನ್ನೊಂದು. ವಾರಕ್ಕೊಮ್ಮೆ ತಾವೇ ಬಿಚ್ಚಿಕೊಂಡು ತೊಳೆದು ಕಟ್ಟಿಕೊಡುತ್ತಿದ್ದರು.

"ಸೋಪು ಹಾಕಬೇಡ ಕಣೆ, ಬಣ್ಣ ಬಿಡುತ್ತೆ. ನಾನೇ ತೊಳ್ಕೊಡ್ತೀನಿ," ಎನ್ನುತ್ತಿದ್ದರು.

ಅತ್ತೆಯ ಕೈಯಲ್ಲಿ ಇಷ್ಟು ಸೇವೆ ಮಾಡಿಸಿಕೊಳ್ಳುವ ಸೊಸೆ ಯಾರಿದ್ದಾರೆ? ನಾನು ಆ ದಾರವನ್ನು ಕೊರಳಲ್ಲಿ ಹಾಕಿಕೊಂಡು ಮೆರೆಯುತ್ತಿದ್ದೆ. ನಮ್ಮ ಕೇಂದ್ರದಲ್ಲಿ ಅದನ್ನು ನನಗಿಂತ ಹೆಚ್ಚು ಮೆಚ್ಚಿದವರೆಂದರೆ ಶುದ್ಧದ ಕೋಣೆಯ ಕೋಳಿಗಳು. ವೈರಸ್ಸು ಕೊಟ್ಟ ಹಕ್ಕಿಗಳ ಜೊತೆ ಹೋಲಿಸಿ ನೋಡಲು ಏನೂ ಕೊಡದೆ ಹಾಗೇ ಬೆಳೆಸಿದ ಕೋಳಿಗಳು ಅವು. ಕಾಯಿಲೆಯ ಗಂಧಗಾಳಿ ಇಲ್ಲ, ಲಸಿಕೆ ಕೂಡ ಹಾಕಿಲ್ಲ. ಮೊಟ್ಟೆಯಿಂದ ಹೊರಬಂದಾಗಿನಿಂದ ಸಾಕಿದವಳು ನಾನೇ. ಆ ಕೋಣೆಗೆ ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ, ಯಾರ ಮೇಲೂ ನಂಬಿಕೆ ಇರಲಿಲ್ಲ. ನಾನು ಬಾಗಿ ಕಾಳು ಹಾಕುವಾಗ ಎಲ್ಲ ಓಡಿಬಂದು ಕೆಂಪು ಮಣಿಯನ್ನು ಟುಕ್ ಟುಕ್ ಎಂದು ಕುಕ್ಕುತ್ತಿದ್ದವು. ನನ್ನ ಮೇಲೆ ಪ್ರೀತಿ ಎಂದುಕೊಂಡಿದ್ದೆ.

ಒಂದು ದಿನ ಈ ಕೋಳಿಗಳ ರಕ್ತ ಪರೀಕ್ಷೆ ಮಾಡಿದೆ.

ಪರೀಕ್ಷೆ ಸರಳ. ಸಾಲುಸಾಲು ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಳಿಯ ರಕ್ತದ ತಿಳಿ ಹಾಕಿ, ವೈರಸ್ಸು ಹಾಕಿ, ಮೇಲೆ ಒಂದಿಷ್ಟು ಕೆಂಪು ರಕ್ತಕಣ ಬಿಡುತ್ತೇವೆ. ಆ ಕೋಳಿಗೆ ಹಿಂದೆ ವೈರಸ್ಸಿನ ಪರಿಚಯವೇ ಇಲ್ಲದಿದ್ದರೆ ಕಣಗಳು ಕುಳಿಯ ತುಂಬ ತೆಳ್ಳಗೆ ಹರಡಿಕೊಳ್ಳುತ್ತವೆ. ಪರಿಚಯವಾಗಿ ದೇಹ ಅದನ್ನು ತಡೆಯುವ ಪ್ರತಿಕಾಯ ತಯಾರಿಸಿದ್ದರೆ ತಳದಲ್ಲಿ ಅಂಗಿಯ ಗುಂಡಿಯ ಹಾಗೆ ಒಂದು ಕೆಂಪು ಚುಕ್ಕೆ ನಿಲ್ಲುತ್ತದೆ. ನನ್ನ ಶುದ್ಧ ಕೋಳಿಗಳ ತಟ್ಟೆಯಲ್ಲಿ ಕುಳಿ ಕುಳಿಗೂ ಗುಂಡಿ. ಇನ್ನೊಮ್ಮೆ ಮಾಡಿದೆ. ಮತ್ತೆ ಗುಂಡಿ. ಕೋಳಿಗಳೋ, ಒಂದೂ ಕೆಮ್ಮಿಲ್ಲ, ಸೀನಿಲ್ಲ, ಗುಂಡುಕಲ್ಲಿನ ಹಾಗಿವೆ.

ನಮ್ಮ ಮುಖ್ಯಸ್ಥರನ್ನು ನಾವೆಲ್ಲ ದೊಡ್ಡವರು ಎಂದೇ ಕರೆಯುವುದು. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಯಾವುದೋ ಬಡಪಾಯಿ ವೈರಸ್ಸು ಆಚೆಯಿಂದ ಬಂದಿದೆ. ಕಾಯಿಲೆ ತರಿಸೋ ಅಷ್ಟು ಜೋರಿಲ್ಲ, ಅದಕ್ಕೇ ಕೋಳಿಗಳು ಬದುಕಿವೆ. ಆದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕಲ್ಲ?"

"ಗೊತ್ತಾಗದಿದ್ರೆ ಸಾರ್?"

"ಕಟ್ಟಡದಲ್ಲಿರೋ ಅಷ್ಟೂ ಹಕ್ಕೀನೂ ಕೊಂದು, ತೊಳೆದು, ಬಾಗಿಲು ಹಾಕ್ಬೇಕು. ಪ್ರಯೋಗ ಅಲ್ಲಿಗೆ ಮುಗೀತು. ಸಮಿತಿಯವರು ಮುಂದಿನ ವಾರ ಬರ್ತಾರೆ, ಅಷ್ಟರಲ್ಲಿ ಮೂಲ ಹುಡುಕು."

ಈ ಪ್ರಯೋಗಕ್ಕಾಗಿ ನಾನು ಯಾರ ಯಾರ ಕಾಲು ಹಿಡಿದಿದ್ದೆ, ಯಾರ ಯಾರ ಮೇಲೆ ಹರಿಹಾಯ್ದಿದ್ದೆ ನನಗೇ ಗೊತ್ತು. ಕೋಳಿ, ಟರ್ಕಿ, ಬಾತು, ಹೆಬ್ಬಾತು ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟು ಹೋಲಿಸಿ ನೋಡಬೇಕೆಂದು ವರ್ಷಗಟ್ಟಲೆ ಹಟ ಹಿಡಿದಿದ್ದವಳು ನಾನು. ಈಗ ಅಷ್ಟೂ ಹಕ್ಕಿಗಳ ಪ್ರಾಣ ಒಂದು ವಾರದ ಮೇಲೆ ನಿಂತಿತ್ತು.

"ಆ ಕೋಣೆಗೆ ಯಾರ್‍ಯಾರು ಹೋಗ್ತಾರೆ?" ಎಂದು ದೊಡ್ಡವರು ಕೇಳಿದರು.

"ನಾನೊಬ್ಬಳೇ ಸಾರ್. ಅದೇ ನನಗೂ ಆಶ್ಚರ್ಯ!" ಎಂದೆ.

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಯಾಕೆ ನೋಡಿದರು ಎಂದು ನನಗೆ ಆಗ ಹೊಳೆಯಲಿಲ್ಲ.

ನನ್ನ ಅನುಮಾನ ನೇರವಾಗಿ ಹೋಗಿ ಕೂತದ್ದು ಗಡಿಬಿಡಿಯ ಮೇಲೆ. ಗಡಿಬಿಡಿ ಎಂದರೆ ನನ್ನ ಕೈಕೆಳಗಿನ ಪಶುವೈದ್ಯ. ಟರ್ಕಿ ಮತ್ತು ಬಾತುಗಳ ಕೋಣೆಗಳು ಅವನ ಪಾಲಿಗಿದ್ದವು. ಕೆಲಸದಲ್ಲಿ ಚುರುಕು, ಆದರೆ ಎರಡು ಕಾಲಿಗೆ ಬೇರೆ ಬೇರೆ ಬಣ್ಣದ ಬೂಟು ಹಾಕಿಕೊಂಡು ಬರುವ ಪ್ರಾಣಿ. ಹಿಂದಿನ ವಾರ ಅವನು ಮನೆಯಿಂದ ಹಾಕಿಕೊಂಡು ಬಂದ ಅಂಗಿಯ ಬೆನ್ನಿನ ಮೇಲೆ ನಾನೇ ಕಣ್ಣಾರೆ ಒಂದು ಪುಕ್ಕ ಕಂಡಿದ್ದೆ.

"ಮನೇಲಿ ಕೋಳಿ ಸಾಕಿದೀಯ ತಾನೇ? ನಿಜ ಹೇಳು!"

"ಅಯ್ಯೋ ಮೇಡಂ, ನಾನು ನನ್ನನ್ನೇ ಸಾಕಿಕೊಳ್ಳೋದು ಕಷ್ಟ."

"ಹಾಗಾದ್ರೆ ನಡಿ, ನೋಡೇಬಿಡೋಣ."

ಮೂಲ ಸಿಗಬೇಕಾದರೆ ಹಕ್ಕಿಗಳ ಕೋಣೆಗೆ ಹೋಗುವ ಎಲ್ಲರ ಮನೆಯನ್ನೂ ನೋಡಬೇಕೆಂದು ದೊಡ್ಡವರಿಂದ ಆಜ್ಞೆ ಹೊರಡಿಸಿದವಳು ನಾನೇ. ಈ ಪ್ರಯೋಗ ಶುರುವಾದ ಮೇಲೆ ಹಕ್ಕಿಗಳ ಕೋಣೆಗೆ ಹೋಗುತ್ತಿದ್ದವರು ನಾನು ಮತ್ತು ಅವನು ಇಬ್ಬರೇ ಆದ್ದರಿಂದ ಮೆರವಣಿಗೆ ಚಿಕ್ಕದಾಯಿತು. ಅವನ ಬಾಡಿಗೆಯ ಕೋಣೆಯನ್ನು ಮೂಲೆ ಮೂಲೆ ಜಾಲಾಡಿದೆ. ಮಂಚದ ಕೆಳಗೆ ತೂರಿದೆ. ಪುಕ್ಕ ಸಿಕ್ಕಿತು. ಒಂದಲ್ಲ, ರಾಶಿ. ಹರಿದ ದಿಂಬಿನೊಳಗಿಂದ.

"ಇದೇನೋ ಇದು?"

"ಅಜ್ಜಿ ಕೊಟ್ಟ ದಿಂಬು ಮೇಡಂ. ಹೊಲಿಸ್ಬೇಕು. ನಿಮ್ಮತ್ತೆ ಹತ್ರ ಕೊಡೋಣ ಅಂತಿದ್ದೆ." ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಟ. ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಅಲ್ಲ ಮೇಡಂ, ಎಲ್ಲರ ಮನೆ ಅಂದ ಮೇಲೆ... ನಿಮ್ಮನೇನೂ?"

"ನಮ್ಮನೇಲಾ? ನಮ್ಮತ್ತೆ ಮನೆಯೊಳಗೆ ಒಂದು ಇರುವೇನೂ ಬಿಡಲ್ಲ. ಬಾ, ನೋಡ್ಕೊಂಡು ಹೋಗು. ನೋಡಿ ಕಲಿ!"

ನಾವು ಹೋದಾಗ ನಡು ಮಧ್ಯಾಹ್ನ. ಆ ಹೊತ್ತಿಗೆ ನಾನು ಮನೆಗೆ ಹೋದದ್ದೇ ಇಲ್ಲ. ಬಾಗಿಲು ತೆರೆದಿತ್ತು, ಮಿಷನ್ನು ಕಟಕಟ ಓಡುತ್ತಿತ್ತು. ಅತ್ತೆ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದರು. ಮುಖದಲ್ಲಿ ಒಂದು ಗೆರೆ ಆಚೆ ಈಚೆ ಆಗಲಿಲ್ಲ. ಮಿಷನ್ನಿನ ಪೆಡಲಿನ ಮೇಲಿಂದ ಕಾಲು ತೆಗೆದರು. ಸದ್ದು ನಿಂತ ಕೂಡಲೇ ಪೆಡಲಿನ ಪಕ್ಕದ ಹಳೆ ಮೆತ್ತೆಯಿಂದ ಒಂದು ಗಂಡು ಬಾತು ಎದ್ದುಬಂತು. ಕಪ್ಪುಬಿಳುಪು ಮೈ, ಕಣ್ಣಿನ ಸುತ್ತ ಕೆಂಪು ಗಂಟುಗಂಟು ಚರ್ಮ. ನನ್ನನ್ನು ನೋಡಿ ಕತ್ತು ಮುಂದೆ ಮಾಡಿ ಬುಸ್ ಎಂದಿತು. ಕ್ವಾಕ್ ಎನ್ನದ, ಬರೀ ಬುಸುಗುಟ್ಟುವ ಜಾತಿ ಅದು.

ಗಡಿಬಿಡಿಯ ಕೈಯಿಂದ ದಿಂಬು ಬಿತ್ತು. ಮನೆ ತುಂಬ ಪುಕ್ಕ ಹಾರಾಡಿತು.

"ಅತ್ತೇ! ಏನಿದು?"

"ಬಾತು."

"ಬಾತು ಅಂತ ನನಗೂ ಗೊತ್ತು! ಇಲ್ಲಿ ಯಾಕಿದೆ?"

"ಯಾರೋ ಒಬ್ಬಳು ಅಳತೆ ಕೊಡೋಕೆ ಬಂದಿದ್ಲು. ಬುಟ್ಟೀಲಿ ಇದಿತ್ತು. ನಾಳೆ ಬಂದು ತಗೊಂಡು ಹೋಗ್ತೀನಿ ಅಂದ್ಲು. ಬರ್ಲೇ ಇಲ್ಲ. ಅವಳ ಬಟ್ಟೆ ಹೊಲಿದಿಟ್ಟಿದೀನಿ, ಅದೂ ಹಾಗೇ ಇದೆ." ಅತ್ತೆ ಸೂಜಿಗೆ ದಾರ ಪೋಣಿಸಿದರು. "ಗಿರಾಕಿ ಅಂತ ಹೆಸರಿಟ್ಟಿದೀನಿ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೂಗಾಡ್ತಿದ್ದೆ."

"ನಾನ್ಯಾಕೆ ಕೂಗಾಡ್ಲಿ!" ಎಂದು ನಾನು ಕೂಗಿದ್ದು ಎದುರು ಮನೆಯವರಿಗೆ ಕೇಳಿಸಿ ಅವರ ಕಿಟಕಿ ತೆರೆದುಕೊಂಡಿತು.

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಬಾತು ಹಗಲು ಮಿಷನ್ನಿನ ಬಳಿ, ನಾನು ಬರುವ ಹೊತ್ತಿಗೆ ತಾರಸಿಯ ಮೇಲೆ. ಮಂಡಿನೋವೆಂದು ನಾನು ತಾರಸಿ ಹತ್ತುವುದಿಲ್ಲ. ಮೇಲಿಂದ ಬುಸ್ ಎಂದು ಕೇಳಿಸಿದಾಗಲೆಲ್ಲ ಅತ್ತೆ "ತೊಟ್ಟಿ ಪೈಪು ಕಣೆ" ಎಂದಿದ್ದರು, ನಾನು ನಂಬಿದ್ದೆ. ಪೈಪು ರಿಪೇರಿ ಮಾಡಿಸಿ ಎಂದು ನಮ್ಮವರ ಪ್ರಾಣ ತಿಂದಿದ್ದೆ. ಅವರು ಪ್ರತಿ ಸಲವೂ ಮುಖ ಊದಿಸಿಕೊಂಡು ಮೇಲೆ ಹೋಗಿ ಬಾತಿಗೆ ಕಾಳು ಹಾಕಿ ಬರುತ್ತಿದ್ದರಂತೆ. ಎಂಥ ಮನೆ ನೋಡಿ!

ಇಷ್ಟಾದರೂ ನನಗೆ ಒಂದು ವಿಷಯ ಬಗೆಹರಿಯಲಿಲ್ಲ. ನಾನು ಆ ಬಾತನ್ನು ಮುಟ್ಟಿಲ್ಲ. ದಿನಾ ತಲೆಗೆ ಸ್ನಾನ ಮಾಡಿ ಒಳಗೆ ಹೋಗುತ್ತೇನೆ. ವೈರಸ್ಸು ಹೋದದ್ದು ಹೇಗೆ? ಗಡಿಬಿಡಿ ತಾರಸಿ ಹತ್ತಿ ಹೋಗಿದ್ದವನು ಮೇಲಿಂದಲೇ ಕರೆದ.

"ಮೇಡಂ, ಸ್ವಲ್ಪ ಬನ್ನಿ."

ಮಂಡಿ ಹಿಡಿದುಕೊಂಡು ಹತ್ತಿದೆ. ತಾರಸಿಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಬಾತು ಈಜಿದ ಕಲಕು ನೀರು. ಪಕ್ಕದಲ್ಲಿ ಅದು ಮಲಗುವ ಮರದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ, ಬಿಸಿಲಿಗೆ ಚೆನ್ನಾಗಿ ಹರಡಿ ಒಣಗಿಸಿದ್ದ ನನ್ನ ಇನ್ನೊಂದು ದಾರ. ನೀಲಿ ದಾರ, ಕೆಂಪು ಮಣಿ.

"ಅತ್ತೆ, ದಾರ ಯಾವುದರಲ್ಲಿ ತೊಳೀತೀರಾ?"

"ಟಬ್ಬಲ್ಲೇ. ತುಂಬ ನೀರಿರುತ್ತಲ್ಲ. ಎರಡು ಸಲ ಅದ್ದಿ ತೆಗೀತೀನಿ." ಹಿಂದೆಯೇ ಹತ್ತಿ ಬಂದಿದ್ದ ಅತ್ತೆ ಸಮಾಧಾನವಾಗಿ ಹೇಳಿದರು. "ಸೋಪು ಮಾತ್ರ ಹಾಕಲ್ಲ."

ಸೋಪು ಹಾಕಿದ್ದರೆ ಆ ವೈರಸ್ಸು ಅಲ್ಲೇ ಸಾಯುತ್ತಿತ್ತು. ನಾನು ದಿನವೂ ಕನ್ನಡಕದ ಗಾಜು ಒರೆಸಿದೆ, ಕಡ್ಡಿ ಒರೆಸಿದೆ. ದಾರ ಹೇಗೂ ತೊಳೆದದ್ದೇ ಅಲ್ಲವೆ ಎಂದು ಬಿಟ್ಟೆ. ಕೋಳಿಗಳು ಪ್ರೀತಿಯಿಂದ ಕುಕ್ಕಿದ್ದೇ ಕುಕ್ಕಿದ್ದು. ಊರಿನವರ ತಲೆಯನ್ನೆಲ್ಲ ಮುಟ್ಟಿ ನೋಡಿದವಳು ನನ್ನ ಕೊರಳು ನೋಡಿಕೊಳ್ಳಲಿಲ್ಲ. ಹಣೆ ಚಚ್ಚಿಕೊಂಡೆ. ಗಡಿಬಿಡಿ ಪಾಪ, ನಗು ತಡೆಯಲು ಹೋಗಿ ಕೆಮ್ಮು ಬರಿಸಿಕೊಂಡ.

ಬಾತಿನ ಗಂಟಲಿನಿಂದ, ಹಿಂಭಾಗದಿಂದ ಹತ್ತಿಯಲ್ಲಿ ಮಾದರಿ ತೆಗೆದೆವು. ಕೊರಳಲ್ಲಿದ್ದ ದಾರವನ್ನೂ ಪರೀಕ್ಷೆಗೆ ಕೊಟ್ಟೆ. ಪರೀಕ್ಷೆಯಾದ ಮೇಲೆ ಅದನ್ನು ಸುಟ್ಟರು. ದೊಡ್ಡವರು ಹೇಳಿದ ಹಾಗೆಯೇ ಆಯಿತು. ಬಾತಿನ ಹೊಟ್ಟೆಯಲ್ಲಿದ್ದದ್ದೂ ಕೋಳಿಗಳಿಗೆ ಬಂದದ್ದೂ ಒಂದೇ ಬಡಪಾಯಿ ವೈರಸ್ಸು. ಮೂಲ ಸಿಕ್ಕಿತು, ಬೇರೆ ಯಾವ ಕೋಣೆಗೂ ಅದು ಹೋಗಿರಲಿಲ್ಲ. ಸಮಿತಿಯವರು ಬಂದು ನೋಡಿ, ಆ ಕೋಳಿಗಳನ್ನು ಮೊಟ್ಟೆಯ ಶೆಡ್ಡಿಗೆ ಕಳಿಸಿ ಹೊಸ ಮರಿಗಳನ್ನು ತನ್ನಿ, ಪ್ರಯೋಗ ಮುಂದುವರಿಸಿ ಎಂದರು. ದೊಡ್ಡವರು ನನಗೆ ಒಂದೇ ಮಾತು ಹೇಳಿದರು.

"ನಿಯಮ ನಿನಗೇ ಚೆನ್ನಾಗಿ ಗೊತ್ತು. ಮನೇಲಿ ಬಾತಿದ್ರೆ ನೀನು ಹಕ್ಕಿಗಳ ಕೋಣೆಗೆ ಕಾಲಿಡೋ ಹಾಗಿಲ್ಲ."

ಇದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ನಾನು ಒದ್ದಾಡಬೇಕಾಗಿಯೇ ಬರಲಿಲ್ಲ. ಅತ್ತೆಯೇ ಬುಟ್ಟಿ ತಂದಿಟ್ಟರು.

"ಹಾಲಿನವನ ಮನೆ ಹಿಂದೆ ಕೊಳ ಇದೆ. ಅಲ್ಲಿ ಬಿಡ್ತೀನಿ."

"ಬೇಜಾರಾ ಅತ್ತೆ?"

"ಬೇಜಾರೇನು? ಬಾತು ತಾನೇ." ಅದೇ ಮುಖ. ಸೆರಗು ಸಿಕ್ಕಿಸಿಕೊಂಡು ಬುಟ್ಟಿ ಎತ್ತಿಕೊಂಡು ಹೋಗಿ, ಬುಟ್ಟಿ ಖಾಲಿ ಮಾಡಿಕೊಂಡು ಬಂದರು.

ನಾನು ನಿಟ್ಟುಸಿರು ಬಿಟ್ಟೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಹೊಸ ಮರಿಗಳು ಬರುವವರೆಗೆ ಶುದ್ಧದ ಕೋಣೆಯನ್ನು ತೊಳೆಸಿ, ಹೊಸ ಹೊಟ್ಟು ಹರಡಿಸಿ, ನಿದ್ದೆಯಲ್ಲೂ ಅದರದ್ದೇ ಧ್ಯಾನ. ಬೆಳಗ್ಗೆ ಕಾಫಿ ಯಾಕೋ ಇಳಿಯುತ್ತಿರಲಿಲ್ಲ. ಪುಡಿ ಸರಿಯಿಲ್ಲವೆಂದು ನಮ್ಮವರ ಮೇಲೆ ರೇಗಿದೆ. ಬೇರೆ ಪುಡಿ ತಂದರು. ಅದೂ ಇಳಿಯಲಿಲ್ಲ. ಒಂದು ಬೆಳಗ್ಗೆ ಲೋಟ ಹಿಡಿದು ನಿಂತಾಗ ತಟ್ಟನೆ ಹೊಳೆಯಿತು. ಮನೆಯಲ್ಲಿ ಸದ್ದೇ ಇಲ್ಲ.

"ಅತ್ತೆ, ಮಿಷನ್ನು ಯಾಕೆ ಓಡಿಸ್ತಿಲ್ಲ?"

"ಬೆಲ್ಟು ಹೋಗಿದೆ ಕಣೆ. ತರಿಸ್ಬೇಕು," ಎಂದು ಅತ್ತೆ ತರಕಾರಿ ಹೆಚ್ಚುತ್ತಲೇ ಹೇಳಿದರು.

ಅವರು ಸ್ನಾನಕ್ಕೆ ಹೋದಾಗ ಮುಂದಿನ ಕೋಣೆಗೆ ಹೋದೆ. ಬೆಲ್ಟು ಕೈಯಲ್ಲಿ ಎಳೆದು ನೋಡಿದೆ. ಗಟ್ಟಿಯಾಗಿತ್ತು. ಚಕ್ರ ತಿರುಗಿಸಿದೆ, ಬೆಣ್ಣೆಯ ಹಾಗೆ ತಿರುಗಿತು. ಸೂಜಿ ಯಾರದೋ ಮಗುವಿನ ಫ್ರಾಕಿನ ತೋಳಿನಲ್ಲಿ ಅರ್ಧ ಹೊಲಿಗೆಗೆ ನಿಂತುಬಿಟ್ಟಿತ್ತು. ಒಂದು ದಾರದ ತುಂಡು ನೆಲದ ಮೇಲೆ ಬಿದ್ದರೆ ಸಹಿಸದ ಅತ್ತೆ ಪೆಡಲಿನ ಪಕ್ಕದ ಮೆತ್ತೆಯನ್ನು ತೆಗೆದಿರಲಿಲ್ಲ. ಕೊಡವಿರಲಿಲ್ಲ ಕೂಡ. ನಡುವೆ ಬಾತು ಕೂತ ತಗ್ಗು ಹಾಗೇ ಇತ್ತು.

ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದವಳು ನಾನು. ಮುಖ ನೋಡಿ ಏನೂ ಗೊತ್ತಾಗಲ್ಲ ಎಂದವಳು. ಮೆತ್ತೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ನಮ್ಮವರು ಓಡಿಬಂದರು. "ಯಾಕೆ, ಏನಾಯ್ತು?" ಎಂದು ಕೇಳಿದರು. "ಎಲ್ಲಾ ನಿಮ್ಮಿಂದಲೇ!" ಎಂದೆ. ಅವರು ಎರಡು ದಿನ ಮುಖ ಊದಿಸಿಕೊಂಡರು.

ಅವತ್ತೇ ದೊಡ್ಡವರ ಹತ್ತಿರ ಹೋದೆ.

"ಸಾರ್, ಶುದ್ಧದ ಕೋಣೆ ಗಡಿಬಿಡಿಗೆ ಕೊಟ್ಟುಬಿಡಿ. ಎಲ್ಲಾ ಕೋಣೆನೂ ಕೊಡಿ. ನಾನು ಆಚೆ ಕಟ್ಟಡದಲ್ಲಿ ರಕ್ತದ ಮೇಜಿಗೆ ಕೂತ್ಕೋತೀನಿ."

"ಹೊಸ ಮರಿಗಳು ನಾಳೆ ಬರ್ತಿವೆ," ಎಂದರು ದೊಡ್ಡವರು. ನನಗೆ ಅದು ಎಷ್ಟು ಆಸೆಯೆಂದು ಅವರಿಗೆ ಗೊತ್ತಿತ್ತು.

"ಗೊತ್ತು ಸಾರ್. ಇನ್ನೊಂದು ಸಲ ಕೇಳ್ಬೇಡಿ, ಮನಸ್ಸು ಬದಲಾಗಿಬಿಡುತ್ತೆ."

ಮರಿಗಳು ಬಂದಾಗ ಗಾಜಿನಾಚೆ ನಿಂತು ನೋಡಿದೆ. ಹಳದಿ ಉಂಡೆಗಳು ಹೊಟ್ಟಿನ ಮೇಲೆಲ್ಲ ಉರುಳಾಡುತ್ತಿದ್ದವು. ಗಡಿಬಿಡಿ ಒದ್ದೆ ತಲೆಯಲ್ಲಿ ನಿಂತು ಕಾಳು ಹಾಕುತ್ತಿದ್ದ. ಗಾಜು ಬಡಿದು, "ನೀರಿನ ಬಟ್ಟಲು ಎತ್ತರ ಆಯ್ತು, ಇಳಿಸು!" ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ; ನನಗೆ ಕೈಬೀಸಿದ. ಹೊಟ್ಟೆ ಉರಿದುಹೋಯಿತು.

ಹಾಲಿನವನ ಮನೆಗೆ ಹೋಗಿ ಗಿರಾಕಿಯನ್ನು ತಂದವಳೂ ನಾನೇ. ದಾರಿಯುದ್ದಕ್ಕೂ ಬುಟ್ಟಿಯಿಂದ ನನ್ನ ಮೇಲೆ ಬುಸುಗುಟ್ಟಿತು, ನಾನೂ ತಿರುಗಿ ಬೈದೆ. ಮನೆಯಲ್ಲಿ ಇಳಿಸಿದ್ದೇ ತಡ, ಯಾರನ್ನೂ ತಿರುಗಿ ನೋಡದೆ ತಪತಪ ನಡೆದು ಹೋಗಿ ಮೆತ್ತೆಯ ತಗ್ಗಿನಲ್ಲಿ ಕೂತಿತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಒಂದು ಮಾತಿಲ್ಲ, ಒಂದು ನಗುವಿಲ್ಲ. ಒಳಗೆ ಹೋದರು. ನನಗೆ ಕೆಟ್ಟ ಕೋಪ ಬಂತು. ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಒಳ್ಳೇ ಮಾತೂ ಬೇಡವೆ?

ಮಾರನೆಯ ಬೆಳಗ್ಗೆ ಮಿಷನ್ನಿನ ಸದ್ದಿಗೆ ಎಚ್ಚರವಾಯಿತು. ಕಾಫಿ ಲೋಟದ ಪಕ್ಕದಲ್ಲಿ ನನ್ನ ಕನ್ನಡಕ ಇತ್ತು. ಅದಕ್ಕೆ ಒಂದು ದಾರ ಕಟ್ಟಿತ್ತು, ನೀಲಿಯೂ ಅಲ್ಲದ ಕೆಂಪೂ ಅಲ್ಲದ ಬಣ್ಣ. ಮಣಿಗಳು ಬಿಳಿಚಿಕೊಂಡಿದ್ದವು. ಎತ್ತಿಕೊಂಡು ಮುಂದಿನ ಕೋಣೆಗೆ ಹೋದೆ.

"ಇದು ಹೊಸದಾ ಅತ್ತೆ?"

"ಹಳೇದೇ. ತಾರಸಿ ಮೇಲಿತ್ತಲ್ಲ, ಅದು. ಸೋಪು ಹಾಕಿ ತೊಳ್ದೆ."

"ಇನ್ನು ಸೋಪಿನ ಅಗತ್ಯ ಏನಿತ್ತು? ನಾನು ಹಕ್ಕಿಗಳ ಕೋಣೆಗೆ ಹೋಗೋದೇ ಇಲ್ವಲ್ಲ. ಬಣ್ಣ ಎಲ್ಲ ಬಿಟ್ಟಿದೆ ನೋಡಿ!"

"ಬಿಡ್ಲಿ ಬಿಡು," ಎಂದರು ಅತ್ತೆ, ಸೂಜಿಯಿಂದ ಕಣ್ಣು ತೆಗೆಯದೆ. "ಎಂದಾದ್ರೂ ಹೋಗ್ತೀಯಲ್ಲ."

ಅಷ್ಟು ಹೇಳಿ ಪೆಡಲು ಒತ್ತಿದರು. ಮುಖದಲ್ಲಿ ಏನೂ ಇರಲಿಲ್ಲ. ಮಿಷನ್ನು ಮಾತ್ರ ಅವತ್ತು ಊಟದ ಹೊತ್ತಾದರೂ ನಿಲ್ಲಲಿಲ್ಲ.